ಗುಬ್ಬಿಯೊ ತಂಡದ ಬ್ಯಾಕ್ ಆಟಗಾರ

(ಸಂಘದ ಕ್ರೀಡಾ ವಿಭಾಗದ ವಾರ್ಷಿಕ ಕೂಟದಲ್ಲಿ ಮಾಡಿದ ಭಾಷಣ)



ಫುಟ್‌ಬಾಲ್ ಆಟದ ಮೇಲೆ ನಾಲ್ಕು ಮಾತು ಹೇಳಬೇಕೆಂದು ಕ್ರೀಡಾ ವಿಭಾಗದವರು ಅಪ್ಪಣೆ ಮಾಡಿದ್ದಾರೆ. ಪೆಲೆಯ ಕಥೆಯನ್ನೋ ಮೆರಡೋನನ ಕಥೆಯನ್ನೋ ಕೇಳಬಹುದೆಂದು ನಮ್ಮ ಹುಡುಗರು ಎಣಿಸಿ ಬಂದಿರಬಹುದು. ಅಂಥವರ ಕಥೆ ಹೇಳುವವರಿಗೆ ಲೋಕದಲ್ಲಿ ಬರಗಾಲವಿಲ್ಲ. ನಾನು ಇಂದು ಹೇಳಹೊರಟಿರುವುದು ಇಟಲಿ ದೇಶದ ಸಿಮೊನೆ ಫರೀನಾ ಎಂಬವನ ವಿಚಾರ. ಈ ಹೆಸರನ್ನು ನಿಮ್ಮಲ್ಲಿ ಬಹುಮಂದಿ ಕೇಳಿರಲಾರಿರಿ. ಅದು ನಿಮ್ಮ ತಪ್ಪಲ್ಲ. ಆತನು ವಿಶ್ವಕಪ್ ಆಡಿದವನಲ್ಲ. ತನ್ನ ದೇಶದ ಮೊದಲ ದರ್ಜೆಯ ಲೀಗಿನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಿದವನಲ್ಲ. ಕೆಳಗಿನ ದರ್ಜೆಗಳಲ್ಲಿ ವರ್ಷಗಟ್ಟಲೆ ಬೆವರು ಸುರಿಸಿದ ಒಬ್ಬ ಬ್ಯಾಕ್ ಆಟಗಾರ, ಅಷ್ಟೆ. ಆದರೂ ೨೦೧೨ರ ಜನವರಿಯಲ್ಲಿ ಜಗತ್ತಿನ ಫುಟ್‌ಬಾಲಿನ ದೊರೆಗಳೆಲ್ಲ ನೆರೆದ ಸಭೆಯಲ್ಲಿ ಅವನಿಗೆ ಗೌರವ ಸಂದಿತು. ಅದೇ ವರ್ಷದ ಸೆಪ್ಟೆಂಬರ್ ಬರುವಷ್ಟರಲ್ಲಿ ಆಡಲಿಕ್ಕೆ ಅವನಿಗೊಂದು ತಂಡವಿರಲಿಲ್ಲ. ಒಂದು ಕೈಯಿಂದ ಹಾರ ಹಾಕಿಸಿಕೊಂಡವನು ಇನ್ನೊಂದು ಕೈಯಲ್ಲಿ ಕೆಲಸ ಕಳೆದುಕೊಂಡದ್ದು ಹೇಗೆ? ದುಡಿದು ತಿನ್ನುವ ನಾವು ಇದನ್ನು ತಿಳಿಯತಕ್ಕದ್ದು ಎಂದು ನನಗೆ ತೋರಿತು.

ಏಣಿಯ ಕೆಳಗಿನ ಮೆಟ್ಟಿಲು

ಇಟಲಿಯಲ್ಲಿ ಫುಟ್‌ಬಾಲಿನ ಏರ್ಪಾಡು ಏಣಿಯ ಹಾಗೆ. ಎಲ್ಲಕ್ಕೂ ಮೇಲೆ ‘ಸೆರಿಯೆ ಎ’ ಎಂಬ ದರ್ಜೆ. ಅಲ್ಲಿ ೨೦ ತಂಡಗಳು. ಯುವೆಂಟಸ್, ಮಿಲಾನ್, ಇಂಟರ್ ಮೊದಲಾದ ದೊಡ್ಡ ಹೆಸರುಗಳೆಲ್ಲ ಅಲ್ಲಿನವು. ಅದರ ಕೆಳಗೆ ‘ಬಿ’, ಅದರ ಕೆಳಗೆ ‘ಸಿ’. ಫರೀನಾ ಆಡುತ್ತಿದ್ದ ಕಾಲದಲ್ಲಿ ಈ ‘ಸಿ’ ದರ್ಜೆ ಎರಡು ಮೆಟ್ಟಿಲಾಗಿ ಒಡೆದಿತ್ತು. ೨೦೧೪ರಲ್ಲಿ ಎರಡನ್ನೂ ಕೂಡಿಸಿ ಒಂದು ಮಾಡಿದರು. ಅಲ್ಲಿಗೆ ವೃತ್ತಿಯ ಆಟ ಮುಗಿಯುತ್ತದೆ. ಅದಕ್ಕೂ ಕೆಳಗಿನವರು ಹವ್ಯಾಸಿಗಳು. ಪ್ರತಿವರ್ಷವೂ ಗೆದ್ದವರು ಒಂದು ಮೆಟ್ಟಿಲು ಏರುತ್ತಾರೆ, ಸೋತವರು ಇಳಿಯುತ್ತಾರೆ.

ಮೇಲಿನ ಮೆಟ್ಟಿಲಿನ ಆಟಗಾರರ ಆದಾಯವನ್ನು ಪತ್ರಿಕೆಗಳಲ್ಲಿ ಓದಿ ನಾವು ಬಾಯಿಯ ಮೇಲೆ ಬೆರಳಿಡುತ್ತೇವೆ. ಕೆಳಗೆ ಇಳಿದಂತೆಲ್ಲ ಚಿತ್ರ ಬೇರೆಯಾಗುತ್ತದೆ. ಕರಾರು ಒಂದು ವರ್ಷದ್ದು, ಹೆಚ್ಚೆಂದರೆ ಎರಡು ವರ್ಷದ್ದು. ಮೊಣಕಾಲು ಕೆಟ್ಟರೆ ಕೆಲಸ ಕೆಟ್ಟಿತು. ಮೂವತ್ತು ದಾಟಿದರೆ ಮಾಲಕನ ಕಣ್ಣಿನಲ್ಲಿ ಮುದುಕ. ಗಿರಣಿಯಲ್ಲಿ ಬದಲಿಯಾಗಿ ದುಡಿದ ಹಿರಿಯರು ಈ ಸಭೆಯಲ್ಲಿದ್ದಾರೆ. ಬೆಳಗಿನ ಭೋಂಗಾ ಕೂಗುವ ಮೊದಲೇ ಗೇಟಿನ ಮುಂದೆ ನಿಂತು, ಇಂದು ಕೆಲಸ ಸಿಕ್ಕೀತೋ ಇಲ್ಲವೋ ಎಂದು ಮುಕಾದಮನ ಮುಖ ನೋಡಿದವರು ಅವರು. ಆ ಬಾಳು ಎಂಥದೆಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಪ್ರೊ ಪಿಯಾಚೆಂಜಾ ಎಂಬ ‘ಸಿ’ ದರ್ಜೆಯ ತಂಡದಲ್ಲಿ ತಿಂಗಳುಗಟ್ಟಲೆ ಪಗಾರ ಬಟವಾಡೆಯಾಗಲಿಲ್ಲ. ಬೇಸತ್ತ ಆಟಗಾರರು ಆಡಲು ನಿರಾಕರಿಸಿ ಒಬ್ಬೊಬ್ಬರಾಗಿ ಹೊರನಡೆದರು. ಪಂದ್ಯಕ್ಕೆ ಬಾರದಿದ್ದರೆ ತಂಡವನ್ನು ಲೀಗಿನಿಂದ ತೆಗೆದುಹಾಕುತ್ತಾರೆ ಎಂಬ ಹೆದರಿಕೆಯಿಂದ, ೨೦೧೯ರ ಫೆಬ್ರುವರಿ ೧೭ರಂದು ಹದಿಹರೆಯದ ಏಳು ಹುಡುಗರನ್ನು ಕೂನಿಯೊ ತಂಡದ ಎದುರು ಮೈದಾನಕ್ಕೆ ಇಳಿಸಿದರು. ನಡುವೆ ತಂಡದಲ್ಲಿ ಮಾಲೀಸು ಮಾಡುವವನೂ ಅಂಗಿ ತೊಟ್ಟು ಆಟಕ್ಕಿಳಿದ. ಆ ಹುಡುಗರು ೨೦ ಗೋಲುಗಳಿಂದ ಸೋತರು. ಮರುದಿನವೇ ತಂಡವನ್ನು ಲೀಗಿನಿಂದ ಹೊರಹಾಕಿದರು. ಇದು ಯಾವುದೋ ಬಡದೇಶದ ಕಥೆಯಲ್ಲ. ನಾಲ್ಕು ಸಾರಿ ವಿಶ್ವಕಪ್ ಗೆದ್ದ ಇಟಲಿಯ ಕಥೆ.

ಹೊಟ್ಟೆಗೆ ಖಾತ್ರಿಯಿಲ್ಲದ ಕಡೆ ಕೆಟ್ಟ ಹಣ ಬಂದು ಬಾಗಿಲು ತಟ್ಟುತ್ತದೆ. ಜೂಜಿನ ದಂಧೆಯವರು ಹುಡುಕಿಕೊಂಡು ಬರುವುದು ಈ ಕೆಳಗಿನ ಮೆಟ್ಟಿಲಿಗೇ. ಕೋಟಿ ಎಣಿಸುವವನನ್ನು ಕೊಳ್ಳುವುದಕ್ಕಿಂತ ಮೂರು ತಿಂಗಳ ಪಗಾರ ಬಾಕಿಯಿರುವವನನ್ನು ಕೊಳ್ಳುವುದು ಅಗ್ಗ.

ಬ್ಯಾಕಿನ ಕೆಲಸ

ಜೂಜಿನವರಿಗೆ ಬ್ಯಾಕ್ ಆಟಗಾರನೇ ಯಾಕೆ ಬೇಕು ಎಂಬುದನ್ನೂ ಹೇಳಬೇಕು. ಗೋಲು ಹೊಡೆಯುವವನು ಮುಂದಾಳು. ಅವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಅವನ ಹೆಸರನ್ನು ಜನ ಕೂಗುತ್ತಾರೆ. ಬ್ಯಾಕ್ ಹಾಗಲ್ಲ. ಅವನದು ಎದುರಾಳಿಯನ್ನು ತಡೆಯುವ ಕೆಲಸ. ತೊಂಬತ್ತು ನಿಮಿಷ ಚೆನ್ನಾಗಿ ತಡೆದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಗಳಿಗೆ ತಪ್ಪಿದರೆ ಇಡೀ ಊರಿಗೇ ಗೊತ್ತಾಗುತ್ತದೆ. ಹೋಟೆಲಿನ ಹಿಂದುಗಡೆ ತಪ್ಪಲೆ ತಿಕ್ಕುವ ಹುಡುಗನನ್ನು ಯಾವ ಗಿರಾಕಿಯೂ ಕಂಡು ಭೇಷ್ ಎಂದದ್ದಿಲ್ಲ. ಲೋಟದಲ್ಲಿ ಒಂದು ಕಲೆ ಉಳಿದ ದಿನ ಮಾತ್ರ ಅವನ ಹೆಸರು ಗಲ್ಲಾದವರೆಗೆ ಹೋಗುತ್ತದೆ. ಬ್ಯಾಕಿನ ಬಾಳೂ ಹಾಗೆಯೇ.

ಇದರಿಂದಲೇ ಮೋಸಕ್ಕೆ ಬ್ಯಾಕ್ ಬಹಳ ಅನುಕೂಲ. ಮುಂದಾಳು ಒಬ್ಬನು ಕೆಟ್ಟದಾಗಿ ಆಡಿದರೆ ತಂಡ ಸೋಲಲೇಬೇಕೆಂದಿಲ್ಲ. ಬ್ಯಾಕ್ ಅರ್ಧ ಹೆಜ್ಜೆ ತಡಮಾಡಿದರೆ, ಕಾಲು ಜಾರಿದಂತೆ ನಟಿಸಿದರೆ, ಎದುರಾಳಿಯನ್ನು ಒಂದು ಕ್ಷಣ ಮರೆತಂತೆ ನಿಂತರೆ ಗೋಲು ಬೀಳುತ್ತದೆ. ನೋಡಿದವರು ‘ಪಾಪ, ದಣಿದಿದ್ದ’ ಎನ್ನುತ್ತಾರೆ. ಆದ್ದರಿಂದ ಪಂದ್ಯವನ್ನು ಮಾರಾಟಕ್ಕೆ ಇಡುವವರು ಮೊದಲು ವಿಚಾರಿಸುವುದು ಗೋಲಿಯನ್ನು, ಆಮೇಲೆ ಬ್ಯಾಕನ್ನು.

ಫರೀನಾನ ದಾರಿ

ಸಿಮೊನೆ ಫರೀನಾ ಹುಟ್ಟಿದ್ದು ೧೯೮೨ರ ಏಪ್ರಿಲ್ ೧೮ರಂದು, ರೋಮ್ ನಗರದಲ್ಲಿ. ಬಾಲ್ಯದಲ್ಲಿ ರೋಮಾ ತಂಡದ ಹುಡುಗರ ವಿಭಾಗದಲ್ಲಿ ಆಟ ಕಲಿತ. ಅಂಥ ದೊಡ್ಡ ತಂಡದ ಅಂಗಳದಲ್ಲಿ ನೂರಾರು ಹುಡುಗರು ಬೆಳೆಯುತ್ತಾರೆ. ಮೇಲಿನ ತಂಡಕ್ಕೆ ಸೇರುವವರು ಬೆರಳೆಣಿಕೆಯ ಮಂದಿ. ಉಳಿದವರು ಹೊಟ್ಟೆಪಾಡಿಗೆ ಊರೂರು ಅಲೆಯುತ್ತಾರೆ. ಫರೀನಾನೂ ಅಲೆದ. ಸಿಸಿಲಿಯ ಕತಾನಿಯಾ, ಉತ್ತರದ ಚಿತ್ತದೆಲ್ಲಾ, ಬೆಟ್ಟದೂರುಗಳಾದ ಗುವಾಲ್ದೊ, ಚೆಲಾನೊ — ಹೀಗೆ ತಂಡದಿಂದ ತಂಡಕ್ಕೆ ಹೋಗಿ, ೨೦೦೭ರಲ್ಲಿ ಗುಬ್ಬಿಯೊ ಎಂಬ ಊರಿಗೆ ಬಂದು ನಿಂತ.

ಹೆಸರು ಕೇಳಿ ನಿಮಗೆ ವೀರಣ್ಣನವರ ಗುಬ್ಬಿ ನೆನಪಾದರೆ ನಾನು ಬೇಡವೆನ್ನುವುದಿಲ್ಲ. ಇಟಲಿಯ ಗುಬ್ಬಿಯೊ ಕೂಡ ಉತ್ಸವಪ್ರಿಯರ ಊರೇ. ಉಂಬ್ರಿಯಾ ಪ್ರಾಂತದ ಬೆಟ್ಟದ ಮಗ್ಗುಲಲ್ಲಿ ಕಲ್ಲಿನ ಮನೆಗಳ ಹಳೆಯ ಪಟ್ಟಣ ಅದು. ಜನಸಂಖ್ಯೆ ಮೂವತ್ತು ಸಾವಿರದ ಆಸುಪಾಸು. ಊರ ಹೊರಗೆ ಸಿಮೆಂಟ್ ಕಾರ್ಖಾನೆಗಳಿವೆ. ಪ್ರತಿವರ್ಷ ಮೇ ೧೫ರಂದು ಮೂರು ಸಂತರ ಹೆಸರಿನಲ್ಲಿ ಎತ್ತರವಾದ ಮೂರು ಮರದ ಕಂಬಗಳನ್ನು ಹೆಗಲ ಮೇಲೆ ಹೊತ್ತು, ಊರಿನ ಗಂಡಸರು ಓಡೋಡುತ್ತ ಬೆಟ್ಟ ಹತ್ತುತ್ತಾರೆ. ಹೊರುವವರು ದಾರಿಯಲ್ಲೇ ಬದಲಾಗುತ್ತಾರೆ, ಕಂಬ ಮಾತ್ರ ನಿಲ್ಲಬಾರದು. ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಭಾರ ದಾಟುತ್ತ ಹೋಗುತ್ತದೆ.

ಈ ಸಣ್ಣ ಊರಿನ ತಂಡ ೨೦೧೦ರಲ್ಲಿ ನಾಲ್ಕನೆಯ ಮೆಟ್ಟಿಲಿನಿಂದ ಮೂರನೆಯದಕ್ಕೆ ಏರಿತು. ೨೦೧೧ರಲ್ಲಿ ಮೂರರಿಂದ ಎರಡಕ್ಕೆ. ಒಂದರ ಹಿಂದೆ ಒಂದು ವರ್ಷ ಎರಡು ಮೆಟ್ಟಿಲು. ೧೯೪೮ರ ತರುವಾಯ ಗುಬ್ಬಿಯೊ ‘ಬಿ’ ದರ್ಜೆಯ ಮುಖ ಕಂಡದ್ದು ಅದೇ ಮೊದಲು. ಆ ಎರಡೂ ಏರಿಕೆಯಲ್ಲಿ ಫರೀನಾ ಇದ್ದ. ಇಪ್ಪತ್ತೊಂಬತ್ತರ ವಯಸ್ಸು, ಬೆವರಿಗೆ ಬೆಲೆ ಬರತೊಡಗಿತ್ತು. ಪರೀಕ್ಷೆ ಬಂದದ್ದು ಆಗಲೇ.

ಎರಡು ಲಕ್ಷ ಯೂರೊ

೨೦೧೧ರ ನವೆಂಬರ್ ೩೦ರಂದು ಇಟಲಿಯ ಕಪ್ ಪಂದ್ಯಾವಳಿಯಲ್ಲಿ ಗುಬ್ಬಿಯೊ ತಂಡ ಚೆಸೆನಾ ತಂಡದ ಮೇಲೆ ಆಡುವುದಿತ್ತು. ಚೆಸೆನಾ ಮೇಲಿನ ದರ್ಜೆಯದು. ಗುಬ್ಬಿಯೊ ಸೋತರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಆ ಪಂದ್ಯದ ಮೊದಲು ಹಳೆಯ ಪರಿಚಯದವನೊಬ್ಬನು ಫರೀನಾನನ್ನು ಕಂಡ. ಹುಡುಗರಾಗಿದ್ದಾಗ ರೋಮಾದಲ್ಲಿ ಜೊತೆಗೆ ಆಡಿದವನು. ಅವನು ಹೇಳಿದ ವಿಷಯದ ತಾತ್ಪರ್ಯವಿಷ್ಟೆ: ಪಂದ್ಯ ನಮಗೆ ಬೇಕಾದ ಹಾಗೆ ಮುಗಿಯಬೇಕು, ನೀನು ಒಪ್ಪಬೇಕು, ಇನ್ನು ಕೆಲವರನ್ನೂ ಒಪ್ಪಿಸಬೇಕು, ಎರಡು ಲಕ್ಷ ಯೂರೊ ಕೊಡುತ್ತೇವೆ.

ಆಗಿನ ದರದಲ್ಲಿ ನಮ್ಮ ಲೆಕ್ಕಕ್ಕೆ ಒಂದೂಕಾಲು ಕೋಟಿ ರೂಪಾಯಿಗೂ ಮೇಲೆ. ಇಂಥ ಮಾತು ಆಡಲು ಯಾವ ಅಪರಿಚಿತನನ್ನೂ ಕಳಿಸುವುದಿಲ್ಲ. ಜೊತೆಯಲ್ಲಿ ಉಂಡವನನ್ನು, ಒಂದೇ ಖೋಲಿಯಲ್ಲಿ ಮಲಗಿದವನನ್ನು ಕಳಿಸುತ್ತಾರೆ. ಬೈದು ಓಡಿಸಲು ಬಾಯಿ ಬಾರದಂಥವನನ್ನೇ ನೋಡಿ ಕಳಿಸುತ್ತಾರೆ.

ಫರೀನಾ ಒಲ್ಲೆ ಎಂದ. ಒಲ್ಲೆ ಎಂದು ಸುಮ್ಮನೆ ಮನೆಗೆ ಹೋಗಿ ಮಲಗಿದ್ದರೆ ಅವನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅವನ ಕೆಲಸವೂ ಉಳಿಯುತ್ತಿತ್ತೋ ಏನೊ. ಆದರೆ ಅವನು ಫುಟ್‌ಬಾಲ್ ಒಕ್ಕೂಟದವರಿಗೆ ವಿಷಯ ತಿಳಿಸಿದ. ಇಟಲಿಯ ಕ್ರೀಡಾ ನಿಯಮದಂತೆ, ಇಂಥ ಮಾತು ಕಿವಿಗೆ ಬಿದ್ದಮೇಲೆ ಹೇಳದೆ ಮುಚ್ಚಿಡುವುದೂ ಅಪರಾಧವೇ. ನಿಯಮ ಪುಸ್ತಕದಲ್ಲಿದ್ದೇ ಇತ್ತು. ಪಾಲಿಸುವವರು ಮಾತ್ರ ವಿರಳವಾಗಿದ್ದರು.

ಈ ಸಮಯಕ್ಕೆ ಕ್ರೆಮೊನಾ ಎಂಬ ಊರಿನಲ್ಲಿ ಒಂದು ದೊಡ್ಡ ತನಿಖೆ ನಡೆದಿತ್ತು. ಅದರ ಮೂಲ ಕೇಳಿದರೆ ನೀವು ಬೆರಗಾಗುವಿರಿ. ೨೦೧೦ರ ನವೆಂಬರ್ ೧೪ರಂದು ಕ್ರೆಮೊನೆಸೆ ತಂಡಕ್ಕೂ ಪಗನೆಸೆ ತಂಡಕ್ಕೂ ಮೂರನೆಯ ದರ್ಜೆಯ ಪಂದ್ಯವೊಂದು ನಡೆಯಿತು. ಆಡಿದ ಕ್ರೆಮೊನೆಸೆ ಆಟಗಾರರಲ್ಲಿ ಹಲವರಿಗೆ ತಲೆ ಸುತ್ತಿತು, ಕಣ್ಣು ಕೂರಿತು. ಒಬ್ಬನು ಮನೆಗೆ ಹಿಂತಿರುಗುವಾಗ ಮೋಟಾರು ಅಪಘಾತಕ್ಕೆ ಸಿಕ್ಕಿದ. ಪರೀಕ್ಷೆ ಮಾಡಿಸಿದರೆ ಶರೀರದಲ್ಲಿ ನಿದ್ರೆಯ ಔಷಧ! ಕುಡಿಯುವ ಪಾನೀಯದಲ್ಲಿ ಬೆರೆಸಲಾಗಿತ್ತೆಂದು ಪೊಲೀಸರು ಬಗೆದರು. ತಂಡದವರೇ ದೂರು ಕೊಟ್ಟರು. ಎಳೆ ಹಿಡಿದು ಎಳೆದಂತೆ ಗಂಟು ಬಿಚ್ಚುತ್ತ ಹೋಯಿತು. ಟೆಲಿಫೋನು ಮಾತುಗಳನ್ನು ಕದ್ದು ಕೇಳಿ, ಜೂಜಿನ ಹಣದ ಜಾಡು ದೂರದ ಸಿಂಗಾಪುರದವರೆಗೆ ಹೋಗುತ್ತದೆಂದು ತನಿಖೆಯವರು ಹೇಳಿದರು. ೨೦೧೧ರ ಜೂನ್ ೧ರಂದು ಮೊದಲ ಬಂಧನಗಳಾದವು. ಫರೀನಾನ ಮಾತು ಸೇರಿದಮೇಲೆ ಡಿಸೆಂಬರ್ ೧೯ರಂದು ಇನ್ನೂ ೧೭ ಮಂದಿಯನ್ನು ಹಿಡಿದರು. ಅವರಲ್ಲಿ ಹೆಸರಾಂತ ಆಟಗಾರರೂ ಇದ್ದರು. ಮುಂದೆ ಕ್ರೀಡಾ ನ್ಯಾಯಮಂಡಳಿಗಳು ಅನೇಕರಿಗೆ ವರ್ಷಗಟ್ಟಲೆ ನಿಷೇಧ ವಿಧಿಸಿದವು. ನ್ಯಾಯಾಲಯದ ಮೊಕದ್ದಮೆ ಮಾತ್ರ ಎಳೆದಾಡಿ, ಅನೇಕ ಆರೋಪಗಳು ಕಾಲಾವಧಿ ಮೀರಿ ಬಿದ್ದುಹೋದವು.

ಹಾರ, ಆಮೇಲೆ ಮೌನ

ಈಗ ಹಾರ ತುರಾಯಿಗಳ ಕಾಲ. ಇಟಲಿಯ ರಾಷ್ಟ್ರೀಯ ತಂಡದ ತರಬೇತುದಾರನಾಗಿದ್ದ ಚೆಸಾರೆ ಪ್ರಾಂದೆಲ್ಲಿ ಫರೀನಾನನ್ನು ಕರೆಸಿಕೊಂಡು, ಫ್ಲಾರೆನ್ಸಿನ ಕೊವೆರ್ಚಾನೊ ಶಿಬಿರದಲ್ಲಿ ದೇಶದ ಶ್ರೇಷ್ಠ ಆಟಗಾರರ ಜೊತೆ ಅಭ್ಯಾಸ ಮಾಡಿಸಿದ. ಅದಕ್ಕೂ ಮೊದಲು, ೨೦೧೨ರ ಜನವರಿ ೯ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಬಹುಮಾನ ಕೊಡುವ ಸಮಾರಂಭ ನಡೆಯಿತು. ಬಹುಮಾನ ಪಡೆದವನು ಲಿಯೊನೆಲ್ ಮೆಸ್ಸಿ. ಅದೇ ಸಮಾರಂಭದಲ್ಲಿ ಗುಬ್ಬಿಯೊದ ಈ ಬ್ಯಾಕನ್ನೂ ಗೌರವಿಸಿ, ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾ ಅವನನ್ನು ಪ್ರಾಮಾಣಿಕ ಆಟದ ರಾಯಭಾರಿಯೆಂದು ಸಾರಿತು.

ಚಪ್ಪಾಳೆ ನಿಂತಿತು. ಆ ಬೇಸಿಗೆಯಲ್ಲಿ ಗುಬ್ಬಿಯೊ ತಂಡ ಸೋತು ಮತ್ತೆ ಕೆಳಗಿನ ದರ್ಜೆಗೆ ಇಳಿಯಿತು. ಫರೀನಾ ತಂಡವನ್ನು ಬಿಟ್ಟ. ಬೇರೆ ತಂಡದ ಕರೆಗಾಗಿ ಕಾದ. ಇಟಲಿಯಲ್ಲಿ ವೃತ್ತಿಯ ತಂಡಗಳೇ ನೂರರ ಮೇಲೆ ಇದ್ದ ಕಾಲ ಅದು. ಒಂದೂ ಕರೆಯಲಿಲ್ಲ. ಮೂವತ್ತನೆಯ ವಯಸ್ಸಿನಲ್ಲಿ ಅವನು ಬೂಟು ಕಳಚಿಟ್ಟ. ಕೊನೆಗೆ ೨೦೧೨ರ ಸೆಪ್ಟೆಂಬರಿನಲ್ಲಿ ಅವನಿಗೆ ಕೆಲಸ ಕೊಟ್ಟದ್ದು ಪರದೇಶದ ತಂಡ — ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್ ವಿಲ್ಲಾ. ಆಡುವ ಕೆಲಸವಲ್ಲ, ಆ ನಗರದ ಮಕ್ಕಳಿಗೆ ಆಟವನ್ನೂ ಅದರ ಜೊತೆಗೆ ನೇರ ನಡತೆಯನ್ನೂ ಕಲಿಸುವ ಕೆಲಸ. ಮರ್ಯಾದೆಯ ಕೆಲಸವೇ ಸರಿ. ಆದರೆ ಅವನು ಕಲಿತ ಕಸುಬು ಅದಲ್ಲ. ತನ್ನ ದೇಶದಲ್ಲಿ, ತನ್ನ ಭಾಷೆಯಲ್ಲಿ, ತನ್ನ ಕಸುಬಿನಲ್ಲಿ ಅವನಿಗೆ ಜಾಗ ಸಿಗಲಿಲ್ಲ.

ಇಲ್ಲಿ ನ್ಯಾಯವಾಗಿ ಮಾತಾಡಬೇಕು. ‘ಅವನು ಅಷ್ಟೊಂದು ದೊಡ್ಡ ಆಟಗಾರನಲ್ಲ, ವಯಸ್ಸೂ ಆಗಿತ್ತು, ತಂಡವೂ ಇಳಿದಿತ್ತು, ಅದಕ್ಕೇ ಯಾರೂ ಕರೆಯಲಿಲ್ಲ’ ಎಂದು ಯಾರಾದರೂ ಹೇಳಬಹುದು. ಇರಬಹುದು. ಯಾವ ಮಾಲಕನೂ ‘ನೀನು ಸತ್ಯ ಹೇಳಿದೆ, ಆದಕಾರಣ ನಿನಗೆ ಕೆಲಸವಿಲ್ಲ’ ಎಂದು ಕಾಗದ ಬರೆದುಕೊಡುವುದಿಲ್ಲ. ‘ಸದ್ಯಕ್ಕೆ ಜಾಗ ಖಾಲಿಯಿಲ್ಲ’ ಎನ್ನುತ್ತಾನೆ. ಹೋಟೆಲಿನಿಂದ ಹೋಟೆಲಿಗೆ ಕೆಲಸ ಕೇಳಿಕೊಂಡು ಹೋದವರಿಗೆ ಆ ಮಾತಿನ ಹಿಂದೆ ಎಷ್ಟು ಅರ್ಥಗಳಿರುತ್ತವೆಂಬುದು ಗೊತ್ತು. ಮೂವತ್ತರ ಬ್ಯಾಕುಗಳು ಕೆಳ ದರ್ಜೆಯಲ್ಲಿ ಎಷ್ಟೋ ಮಂದಿ ಆಡುತ್ತಲೇ ಇದ್ದರು. ಜಗತ್ತೆಲ್ಲ ಹೊಗಳಿದ ಒಬ್ಬನಿಗೆ ಮಾತ್ರ ಜಾಗವಿಲ್ಲದೆ ಹೋಯಿತು ಎಂಬಷ್ಟು ನಮಗೆ ಸಾಕು.

ಇದಕ್ಕೆ ಎದುರಾಗಿ ಇನ್ನೊಂದು ಸಂಗತಿಯನ್ನು ಇಟ್ಟು ನೋಡಿ. ೧೯೮೦ರಲ್ಲಿಯೂ ಇಟಲಿಯಲ್ಲಿ ಇಂಥದೇ ಜೂಜಿನ ಹಗರಣ ನಡೆದು, ಮಿಲಾನ್ ಮತ್ತು ಲಾಜಿಯೊ ತಂಡಗಳನ್ನೇ ಕೆಳ ದರ್ಜೆಗೆ ಇಳಿಸಿದ್ದರು. ಆಗ ಪೌಲೊ ರೋಸಿ ಎಂಬ ಹೆಸರಾಂತ ಮುಂದಾಳಿಗೆ ನಿಷೇಧ ಬಿತ್ತು. ತಾನು ನಿರಪರಾಧಿಯೆಂದು ಆತನು ಕಡೆಯವರೆಗೂ ಹೇಳುತ್ತಿದ್ದ. ಆ ವ್ಯಾಜ್ಯಕ್ಕೆ ನಾನು ಹೋಗುವುದಿಲ್ಲ. ನಿಷೇಧ ಮುಗಿದೊಡನೆ ಅವನನ್ನು ರಾಷ್ಟ್ರೀಯ ತಂಡಕ್ಕೆ ಸೇರಿಸಿಕೊಂಡರು. ೧೯೮೨ರ ವಿಶ್ವಕಪ್ಪಿನಲ್ಲಿ ಆರು ಗೋಲು ಹೊಡೆದು ದೇಶಕ್ಕೆ ಕಪ್ಪು ತಂದ. ಶಿಕ್ಷೆ ಅನುಭವಿಸಿದವನಿಗೆ ಮತ್ತೆ ಅವಕಾಶ ಕೊಟ್ಟದ್ದು ತಪ್ಪಲ್ಲ. ದೂರು ಕೊಟ್ಟವನಿಗೂ ಅಷ್ಟೇ ಅವಕಾಶ ಸಿಗಬೇಕಾಗಿತ್ತು ಎಂಬುದೇ ನನ್ನ ಮಾತು.

ಇನ್ನೊಬ್ಬ ಬ್ಯಾಕ್

ಒಳ್ಳೆಯದು ಮಾಡಿದವರಿಗೆಲ್ಲ ಕೆಟ್ಟದ್ದೇ ಆಗುತ್ತದೆಂದು ಹೇಳಿ ನಿಮ್ಮನ್ನು ಮನೆಗೆ ಕಳಿಸಲು ನಾನು ಬಂದಿಲ್ಲ. ಅದು ಸತ್ಯವೂ ಅಲ್ಲ. ಅದೇ ೨೦೧೧ರಲ್ಲಿ, ಫರೀನಾನಿಗಿಂತ ಏಳು ತಿಂಗಳು ಮೊದಲೇ, ಇನ್ನೊಬ್ಬ ಬ್ಯಾಕ್ ಇದೇ ಪರೀಕ್ಷೆಯನ್ನು ಎದುರಿಸಿದ್ದ. ಅವನ ಹೆಸರು ಫಾಬಿಯೊ ಪಿಸಾಕಾನೆ. ೧೯೮೬ರಲ್ಲಿ ನೇಪಲ್ಸ್ ನಗರದಲ್ಲಿ ಹುಟ್ಟಿ, ಅಲ್ಲಿಯ ಇಕ್ಕಟ್ಟಾದ ಸ್ಪ್ಯಾನಿಷ್ ಕೇರಿಯಲ್ಲಿ ಬೆಳೆದವನು. ಹದಿನಾಲ್ಕನೆಯ ವಯಸ್ಸಿನಲ್ಲಿ ಜಿನೋವಾ ತಂಡದ ಹುಡುಗರ ವಿಭಾಗದಲ್ಲಿದ್ದಾಗ, ಒಂದು ಬೆಳಿಗ್ಗೆ ಎದ್ದರೆ ಕೈಕಾಲು ಆಡುತ್ತಿಲ್ಲ! ಗಿಯಾನ್-ಬಾರೆ ಎಂಬ ನರರೋಗ ತಗಲಿತ್ತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದ್ದು, ನಡೆಯುವುದನ್ನು ಮತ್ತೆ ಕಲಿತು, ಮತ್ತೆ ಮೈದಾನಕ್ಕೆ ಬಂದ. ಬಂದಮೇಲೆ ಅವನಿಗೆ ಸಿಕ್ಕಿದ್ದೂ ಕೆಳಗಿನ ಮೆಟ್ಟಿಲೇ.

೨೦೧೧ರ ಏಪ್ರಿಲಿನಲ್ಲಿ ಅವನು ಲುಮೆಜ್ಜಾನೆ ಎಂಬ ಕಾರ್ಖಾನೆಯೂರಿನ ತಂಡದಲ್ಲಿದ್ದ. ರಾವೆನ್ನಾ ತಂಡದ ಮೇಲಿನ ಪಂದ್ಯವನ್ನು ಬಿಟ್ಟುಕೊಡಲು ಪರಿಚಿತನೊಬ್ಬನು ೫೦,೦೦೦ ಯೂರೊ ಕೊಡುತ್ತೇನೆಂದ. ನಮ್ಮ ಲೆಕ್ಕದಲ್ಲಿ ಮೂವತ್ತು ಲಕ್ಷ ರೂಪಾಯಿಗೂ ಹೆಚ್ಚು. ಅವನೂ ಒಲ್ಲೆನೆಂದ, ಅವನೂ ದೂರು ಕೊಟ್ಟ. ಅವನನ್ನೂ ಮುಂದಿನ ವರ್ಷ ಫಿಫಾ ರಾಯಭಾರಿಯೆಂದು ಗೌರವಿಸಿತು. ಆದರೆ ಅವನಿಗೆ ತಂಡಗಳು ಸಿಕ್ಕವು. ತೆರ್ನಾನಾ, ಅವೆಲ್ಲಿನೊ, ಕಡೆಗೆ ಸಾರ್ಡಿನಿಯಾ ದ್ವೀಪದ ಕಾಲ್ಯಾರಿ. ೨೦೧೬ರಲ್ಲಿ ಕಾಲ್ಯಾರಿ ಮೇಲಿನ ದರ್ಜೆಗೆ ಏರಿತು. ಆ ಸೆಪ್ಟೆಂಬರ್ ೧೮ರಂದು, ಮೂವತ್ತನೆಯ ವಯಸ್ಸಿನಲ್ಲಿ, ಪಿಸಾಕಾನೆ ಮೊದಲನೆಯ ಸಾರಿ ‘ಸೆರಿಯೆ ಎ’ ಪಂದ್ಯ ಆಡಿದ. ಅಟಲಾಂಟಾ ತಂಡವನ್ನು ೩-೦ ಗೋಲುಗಳಿಂದ ಸೋಲಿಸಿದಮೇಲೆ ಕೆಮರಾದ ಮುಂದೆ ಮಾತು ಹೊರಡದೆ ಅತ್ತುಬಿಟ್ಟ. ಲಂಡನ್ನಿನ ಗಾರ್ಡಿಯನ್ ಪತ್ರಿಕೆ ಅವನನ್ನು ಆ ವರ್ಷದ ಆಟಗಾರನೆಂದು ಆರಿಸಿತು. ಆಟ ಬಿಟ್ಟಮೇಲೆ ಅದೇ ಕಾಲ್ಯಾರಿಯ ಹುಡುಗರಿಗೆ ಕಲಿಸುತ್ತಿದ್ದು, ೨೦೨೫ರಲ್ಲಿ ಹಿರಿಯ ತಂಡದ ತರಬೇತುದಾರನಾದ.

ಇಬ್ಬರೂ ಬ್ಯಾಕುಗಳು. ಇಬ್ಬರೂ ಮಾಡಿದ ಕೆಲಸ ಒಂದೇ. ಒಬ್ಬನು ಮೇಲೇರಿದ, ಒಬ್ಬನು ಆಟವನ್ನೇ ಬಿಟ್ಟ. ‘ಅವರವರ ಹಣೆಬರಹ’ ಎಂದು ಬಿಟ್ಟರೆ ಮಾತು ಮುಗಿಯಿತು. ನಾನು ಹಾಗೆ ಬಿಡುವುದಿಲ್ಲ. ಸತ್ಯ ಹೇಳಿದವನ ಅನ್ನ ಹಣೆಬರಹದ ಮೇಲೆ ನಿಂತಿರಬಾರದು. ಹಾಗೆ ನಿಂತಿರುವ ತನಕ, ಫರೀನಾನನ್ನು ನೋಡಿದ ನೂರು ಮಂದಿ ಬಾಯಿ ಮುಚ್ಚಿಕೊಂಡೇ ಇರುತ್ತಾರೆ. ಅವರನ್ನು ಹೇಡಿಗಳೆನ್ನುವುದು ಸುಲಭ. ಅವರ ಮನೆಯ ಬಾಡಿಗೆ ಕಟ್ಟುವವರು ಯಾರು?

ಸಂಘದ ಮಾತು

ಇಟಲಿಯ ಆಟಗಾರರಿಗೂ ನಮ್ಮಂತೆ ಒಂದು ಸಂಘವಿದೆ. ೧೯೬೮ರ ಜುಲೈ ೩ರಂದು ಮಿಲಾನಿನಲ್ಲಿ ಸ್ಥಾಪನೆಯಾಯಿತು. ಆಟಗಾರನಾಗಿದ್ದು ವಕೀಲನಾದ ಸೆರ್ಜಿಯೊ ಕಂಪಾನಾ ಅದನ್ನು ನಾಲ್ಕು ದಶಕಗಳಿಗೂ ಮೇಲೆ ನಡೆಸಿದ. ರಿವೆರಾ, ಮಜ್ಜೋಲಾರಂಥ ಆ ಕಾಲದ ದೊಡ್ಡ ಆಟಗಾರರೇ ಅದರ ಸ್ಥಾಪನೆಗೆ ಕೈಜೋಡಿಸಿದ್ದರು. ಅವರಿಗೆ ಸ್ವಂತಕ್ಕೆ ಬೇಕಾದದ್ದೇನೂ ಇರಲಿಲ್ಲ. ಕೆಳಗಿನ ಮೆಟ್ಟಿಲಿನವರಿಗೆ ಬೇಕಾಗಿತ್ತು. ಆ ದಿನಗಳಲ್ಲಿ ಆಟಗಾರನು ತಂಡದ ಸೊತ್ತು. ಕರಾರು ಮುಗಿದರೂ ತಂಡ ಬಿಡದೆ ಹೋದರೆ ಅವನು ಬೇರೆ ಕಡೆ ಹೋಗುವಂತಿರಲಿಲ್ಲ. ಸಂಘ ವರ್ಷಾನುವರ್ಷ ಹೋರಾಡಿತು. ೧೯೮೧ರ ಮಾರ್ಚ್ ೨೩ರಂದು ೯೧ನೆಯ ನಂಬರಿನ ಕಾನೂನು ಬಂದು, ಈ ಕಟ್ಟನ್ನು ಹಂತಹಂತವಾಗಿ ಬಿಚ್ಚಿತು. ವೃತ್ತಿಯ ಆಟಗಾರನೂ ಒಬ್ಬ ಕೆಲಸಗಾರನೆಂದು ಒಪ್ಪಿತು.

ಫರೀನಾನ ಘಟನೆ ನಡೆದ ೨೦೧೧ರಲ್ಲಿಯೇ, ಆಗಸ್ಟ್ ತಿಂಗಳ ಕೊನೆಯಲ್ಲಿ, ‘ಸೆರಿಯೆ ಎ’ ಲೀಗಿನ ಮೊದಲ ಸುತ್ತು ನಡೆಯಲೇ ಇಲ್ಲ. ಆಟಗಾರರು ಮುಷ್ಕರ ಹೂಡಿದ್ದರು. ಸಾಮೂಹಿಕ ಕರಾರಿಗೆ ತಂಡಗಳ ಮಾಲಕರು ಸಹಿ ಹಾಕಿರಲಿಲ್ಲ. ವ್ಯಾಜ್ಯದ ಒಂದು ಮುಖ್ಯ ಅಂಶ ಇದು: ಬೇಡವಾದ ಆಟಗಾರನನ್ನು ತಂಡದ ಅಭ್ಯಾಸದಿಂದ ಬೇರೆ ಮಾಡಿ ಮೂಲೆಗೆ ಹಾಕುವ ಅಧಿಕಾರ ಮಾಲಕನಿಗೆ ಇರಬೇಕೇ, ಬೇಡವೇ? ಹೊಡೆಯದೆ ಬೈಯದೆ ಮೂಲೆಗೆ ಕೂರಿಸಿ ತಾನಾಗಿಯೇ ಬಿಟ್ಟುಹೋಗುವಂತೆ ಮಾಡುವ ಈ ವಿದ್ಯೆ ನಮ್ಮವರು ಕಾಣದ್ದಲ್ಲ. ಕೋಟಿ ಸಂಬಳದವರು ಮುಷ್ಕರ ಮಾಡುವುದೇ ಎಂದು ಪತ್ರಿಕೆಗಳು ನಕ್ಕವು. ಆದರೆ ಆ ಕಲಮಿನಿಂದ ಕೋಟಿ ಸಂಬಳದವನಿಗೆ ಆಗುವ ನಷ್ಟಕ್ಕಿಂತ ಸಣ್ಣವನಿಗೆ ಆಗುವ ನಷ್ಟವೇ ಹೆಚ್ಚು.

ಇಷ್ಟೆಲ್ಲ ಗಳಿಸಿದ ಸಂಘವಿದ್ದೂ ಫರೀನಾನಿಗೆ ಕೆಲಸ ಸಿಗಲಿಲ್ಲವಲ್ಲ ಎಂದು ನೀವು ಕೇಳಬಹುದು. ನಿಜ. ಇದ್ದ ಕರಾರನ್ನು ಮಾಲಕ ಮುರಿಯದಂತೆ ಸಂಘ ಕಾಯಬಲ್ಲದು. ಹೊಸ ಕರಾರನ್ನು ಬರೆಯುವ ಲೇಖನಿ ಮಾತ್ರ ಮಾಲಕನ ಕೈಯಲ್ಲೇ ಇದೆ. ಆದ್ದರಿಂದ ಕಾಯುವ ಏರ್ಪಾಡು ಮೊದಲೇ ಆಗಬೇಕು. ಫಿನ್ಲೆಂಡಿನ ಆಟಗಾರರ ಸಂಘದವರು ಒಂದು ದಾರಿ ತೋರಿಸಿದರು: ಆಟಗಾರನು ತನ್ನ ಹೆಸರು ಹೇಳದೆ, ಮೊಬೈಲಿನ ಒಂದು ಗುಂಡಿ ಒತ್ತಿ ಇಂಥ ದೂರು ಕೊಡುವ ಏರ್ಪಾಡು. ‘ಕೆಂಪು ಗುಂಡಿ’ ಎಂದೇ ಅದರ ಹೆಸರು. ಆಟಗಾರರ ಜಾಗತಿಕ ಸಂಘ ಅದನ್ನು ಬೇರೆ ದೇಶಗಳಿಗೂ ಹರಡಿತು. ದೊಡ್ಡ ಮಾತಿಗಿಂತ ಇಂಥ ಸಣ್ಣ ಉಪಾಯವೇ ಬಡವನಿಗೆ ಹೆಚ್ಚು ಬರುತ್ತದೆ. ಎಲ್ಲರೂ ಒಟ್ಟಿಗೆ ಹೇಳುವ ದಾರಿ ಇದ್ದರೆ ಒಬ್ಬನೇ ಎದೆಯೊಡ್ಡಿ ನಿಲ್ಲಬೇಕಾಗಿಲ್ಲ. ಗುಬ್ಬಿಯೊದ ಜನ ಕಂಬ ಹೊತ್ತು ಬೆಟ್ಟ ಹತ್ತುವುದೂ ಹಾಗೆಯೇ. ಒಂದೇ ಹೆಗಲ ಮೇಲೆ ಅದನ್ನು ಬಿಟ್ಟರೆ ಹೊತ್ತವನು ಉಳಿಯುವುದಿಲ್ಲ.

ಕೊನೆಯದಾಗಿ ನಮ್ಮ ಹುಡುಗರಿಗೆ ಎರಡು ಮಾತು. ಜೂಜು ಈ ಮುಂಬಯಿಗೆ ಹೊಸದಲ್ಲ. ನ್ಯೂಯಾರ್ಕಿನಿಂದ ಬರುವ ಅರಳೆಯ ದರದ ಮೇಲೆ ಪಣ ಕಟ್ಟುವುದರಿಂದ ಆರಂಭವಾಗಿ, ೧೯೬೦ರ ದಶಕದಲ್ಲಿ ಮಡಕೆಯೊಳಗಿನ ಚೀಟಿಗೆ ಬಂದು, ‘ಮಟ್ಕಾ’ ಎಂಬ ಹೆಸರಿನಲ್ಲಿ ಗಿರಣಿಗಳ ಕೇರಿಯಲ್ಲಿ ಎಷ್ಟು ಮನೆಗಳ ಪಗಾರವನ್ನು ನುಂಗಿತೆಂಬುದನ್ನು ನಿಮ್ಮ ಹಿರಿಯರನ್ನು ಕೇಳಿ. ಈಗ ಮಡಕೆ ಹೋಗಿ ಅಂಗೈಯ ಮೊಬೈಲು ಬಂದಿದೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ೨೦೨೫ರಲ್ಲಿ ಕೇಂದ್ರ ಸರಕಾರ ಕಾನೂನು ಮಾಡಿತು. ಕಾನೂನು ಬಂದರೂ ಆಸೆ ಹೋಗುವುದಿಲ್ಲ. ನೀವು ಪಣ ಕಟ್ಟುವ ಹತ್ತು ರೂಪಾಯಿ, ನೂರು ರೂಪಾಯಿಯೇ ಎಲ್ಲೋ ಕೂಡಿ ಬೆಳೆದು, ಎರಡು ಲಕ್ಷ ಯೂರೊ ಆಗಿ, ಯಾವುದೋ ಊರಿನ ಬಡ ಬ್ಯಾಕ್ ಆಟಗಾರನ ಬಾಗಿಲು ತಟ್ಟುತ್ತದೆ ಎಂಬುದನ್ನು ಮರೆಯಬೇಡಿ.

ಹಿರಿಯರಿಗೂ ಒಂದು ಬಿನ್ನಹ. ನಮ್ಮ ಹೋಟೆಲುಗಳಲ್ಲಿ, ಕಾರ್ಖಾನೆಗಳಲ್ಲಿ ತೂಕ ಕಡಿಮೆಯಾದದ್ದನ್ನು ಕಂಡು ಹೇಳಿದ ಹುಡುಗನಿರುತ್ತಾನೆ. ಸುಳ್ಳು ಲೆಕ್ಕಕ್ಕೆ ಸಹಿ ಹಾಕೆನೆಂದ ಗುಮಾಸ್ತನಿರುತ್ತಾನೆ. ಅಂಥವನಿಗೆ ನಾವು ಸಭೆಯಲ್ಲಿ ಶಾಲು ಹೊದೆಸುತ್ತೇವೆ, ಫೋಟೊ ತೆಗೆಸುತ್ತೇವೆ. ಒಳ್ಳೆಯದೇ. ಆದರೆ ಆರು ತಿಂಗಳು ಬಿಟ್ಟು ಅವನು ಎಲ್ಲಿದ್ದಾನೆ, ಕೆಲಸ ಉಳಿಯಿತೇ, ಹೋಗಿದ್ದರೆ ಬೇರೆ ಕಡೆ ಮಾತಾಡಿ ಕೊಡಿಸಬಹುದೇ ಎಂದು ವಿಚಾರಿಸುವ ಒಬ್ಬ ಸದಸ್ಯನನ್ನು ನಮ್ಮ ಸಮಿತಿ ನೇಮಿಸಲಿ. ಶಾಲಿನ ಖರ್ಚಿಗಿಂತ ಇದಕ್ಕೆ ಹೆಚ್ಚು ಖರ್ಚಿಲ್ಲ. ಈ ಗೊತ್ತುವಳಿಯನ್ನು ಇಂದಿನ ಸಭೆಯೇ ಮಾಡುವುದಾದರೆ, ಇಟಲಿಯ ಬ್ಯಾಕೊಬ್ಬನ ಕಥೆಯನ್ನು ಇಷ್ಟು ಹೊತ್ತು ಹೇಳಿದ್ದು ಸಾರ್ಥಕವಾಯಿತೆಂದು ತಿಳಿಯುತ್ತೇನೆ.